ತಣ್ಣಗಿದೆ ಎಂದ ಕೈ

ಅಂಗಡಿಯವನು ಕೇಳಿದ್ದು ಒಂದೇ ಒಂದು ಪ್ರಶ್ನೆ. ಅದೂ ಚಪ್ಪಲಿ ಅಂಗಡಿಯಲ್ಲಿ ಕಾಲಿನ ಅಳತೆ ಕೇಳುವ ಹಾಗೆ, ತಲೆಯೆತ್ತದೆ ಕೇಳಿದ.

"ಅಪ್ಪನ ಕೈ ಚೆನ್ನಾಗಿದೆ ತಾನೇ?"

"ಅಯ್ಯೋ, ಗಡಿಯಾರ ರಿಪೇರಿ ಮಾಡೋ ಕೈ ಅಣ್ಣ ಅದು! ಅದಕ್ಕೇನಾಗತ್ತೆ?" ಎಂದಳು ಮಗಳು. ಅಂದು ನಕ್ಕಳು ಕೂಡ. ಆ ನಗು ಯಾಕೆ ಬೇಕಿತ್ತೋ! ಸುಳ್ಳು ಹೇಳಿಯಾಗಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಇವಳು ನಕ್ಕಿದ್ದರಿಂದ ಅಂಗಡಿಯವನಿಗಿದ್ದ ಅಷ್ಟಿಷ್ಟು ಅನುಮಾನವೂ ಹೋಗಿ, ಅವನೂ ನಕ್ಕ.

ಅದು ಆಟದ ವಿಮಾನಗಳ ಅಂಗಡಿ. ಆಟದ್ದು ಅಂದರೆ ಅಲ್ಲಿನವರಿಗೆ ಕೋಪ ಬರುತ್ತದೆ, ಮಾದರಿ ವಿಮಾನ ಅನ್ನಬೇಕು. ತಾರಸಿಯಿಂದ ದಾರ ಕಟ್ಟಿ ಇಳಿಬಿಟ್ಟ ರೆಕ್ಕೆಗಳು, ಗೋಡೆಯ ತುಂಬ ಪ್ರೊಪೆಲ್ಲರ್‌ಗಳು, ಗಾಜಿನ ಕಪಾಟಿನಲ್ಲಿ ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಎಂಜಿನ್‌ಗಳು. ರೇಡಿಯೋ ಪೆಟ್ಟಿಗೆಯೊಂದನ್ನು ಎದೆಗೆ ಹಿಡಿದು ನೆಲದ ಮೇಲೇ ನಿಂತು ಹಾರಿಸುವ ವಿಮಾನಗಳವು. ಅಪ್ಪ ಮೂವತ್ತು ವರ್ಷದಿಂದ ಹಾರಿಸುತ್ತಿದ್ದ. ವಾರವೆಲ್ಲ ಗಡಿಯಾರ ರಿಪೇರಿ, ಭಾನುವಾರ ಊರಾಚೆಯ ಮೈದಾನ. ಎತ್ತರದ ಬಡಕಲು ದೇಹ, ನಿಂತಲ್ಲಿ ನಿಲ್ಲದ ಕಾಲು. ಮೈದಾನದಲ್ಲಿ ಅವನಿಗೆ ಸೆಕೆಂಡ್ ಮುಳ್ಳು ಎಂದು ಹೆಸರಿಟ್ಟಿದ್ದರು, ಅದು ಸವೆದು ಸವೆದು ಈಗ ಮುಳ್ಳಣ್ಣ ಎಂದಾಗಿತ್ತು.

ಈ ಎಂಜಿನ್‌ಗಳು ತಾವಾಗಿ ಎದ್ದು ಓಡುವ ಜಾತಿಯವಲ್ಲ. ಮೊದಲು ಹೊಟ್ಟೆಗೆ ಹಾಕಬೇಕು. ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಿದ ಇಂಧನ ಅದರ ಊಟ. ಆಮೇಲೆ ಪುಟ್ಟ ಪ್ಲಗ್ಗನ್ನು ಕೆಂಪಗೆ ಕಾಯಿಸಬೇಕು. ಆಮೇಲೆ ಪ್ರೊಪೆಲ್ಲರನ್ನು ಬೆರಳಿನಿಂದ ಫಟ್ಟೆಂದು ತಿರುಗಿಸಿ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಳ್ಳುವುದು ಕಣ್ಣೆವೆ ಮುಚ್ಚುವಷ್ಟು ತಡವಾದರೂ ಬೆರಳು ಇರುವುದಿಲ್ಲ. ಮೂವತ್ತು ವರ್ಷ ಅಪ್ಪ ಬರಿಗೈಯಲ್ಲೇ ತಿರುಗಿಸಿದ್ದ. ಬ್ಯಾಟರಿಯಿಂದ ತಿರುಗಿಸುವ ಸ್ಟಾರ್ಟರ್ ತಂದವರನ್ನು ಕಂಡರೆ, "ಏನಪ್ಪಾ, ಬೆರಳು ಮನೇಲಿ ಬಿಟ್ಟು ಬಂದ್ಯಾ?" ಎಂದು ಕಾಲೆಳೆಯುತ್ತಿದ್ದ.

ಈಗ ಅದೇ ಸ್ಟಾರ್ಟರ್ ಆರಿಸಲು ಮಗಳು ಬಂದಿದ್ದಾಳೆ. ಬಂದ ಕಾರಣ ಹೇಳುವ ಹಾಗಿಲ್ಲ.

ಕಾರಣ ಇಷ್ಟು. ಅವಳು ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ತಿಂಗಳ ಹಿಂದೆ ಒಂದು ಬೆಳಿಗ್ಗೆ ಕೋಟಿನ ಕಾಲರಿಗೆ ಇಸ್ತ್ರಿ ಮಾಡಿ ಇಸ್ತ್ರಿ ಪೆಟ್ಟಿಗೆಯನ್ನು ಮೇಜಿನ ತುದಿಗೆ ನಿಲ್ಲಿಸಿದ್ದಳು. ಅಪ್ಪ ಬಂದ, ಮೇಜಿಗೆ ಕೈಯೂರಿ ಯಾವುದೋ ರೆಕ್ಕೆಯ ವಿಷಯ ಹೇಳತೊಡಗಿದ. ಹೇಳುತ್ತ ಹೇಳುತ್ತ ಮೂಗು ಸುಕ್ಕಿಸಿ, "ಏನೋ ಸುಟ್ಟ ವಾಸನೆ ಕಣಮ್ಮ, ಬಟ್ಟೆ ನೋಡ್ಕೋ" ಅಂದ. ಅವಳು ಬಟ್ಟೆ ನೋಡಿದಳು. ಬಟ್ಟೆಗೇನೂ ಆಗಿರಲಿಲ್ಲ. ಅಪ್ಪನ ಕಿರುಬೆರಳ ಕಡೆಯ ಅಂಗೈ ಇಸ್ತ್ರಿ ಪೆಟ್ಟಿಗೆಗೆ ಒತ್ತಿಕೊಂಡಿತ್ತು.

ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇತ್ತು. ಪಾದ ಜೋಮು ಹಿಡಿದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಕೈಗೂ ಏರಿದ್ದನ್ನು ಮಾತ್ರ ಅವನು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಗಡಿಯಾರದ ಸ್ಕ್ರೂಗಳು ನೆಲದ ಮೇಲೆ ಸಿಗುತ್ತಿದ್ದದ್ದು, ಬರಬರುತ್ತ ಬೆಲ್ಟು ಬದಲಿಸುವ, ಸೆಲ್ಲು ಹಾಕುವ ಕೆಲಸವನ್ನಷ್ಟೇ ಒಪ್ಪಿಕೊಳ್ಳುತ್ತಿದ್ದದ್ದು ಎಲ್ಲಕ್ಕೂ ಆ ಬೆಳಿಗ್ಗೆ ಅರ್ಥ ಬಂತು.

"ಯಾರಿಗೂ ಹೇಳ್ಬೇಡ," ಎಂದಿದ್ದ, ಕೈಯನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿಕೊಂಡು. ನೀರು ತಣ್ಣಗಿದೆಯೋ ಬಿಸಿಯೋ ಅದೂ ತಿಳಿಯದ ಕೈ. "ಹೇಳಿದ್ರೆ ನನ್ನ ಬೇಲಿ ಆಚೆ ಕೂರಿಸ್ತಾರೆ."

ಬೇಲಿಯ ಆಚೆ ಕೂರಿಸುವುದೆಂದರೇನು ಎನ್ನುವುದು ಅವಳಿಗೂ ಗೊತ್ತಿತ್ತು. ಮೈದಾನದ ನಿಯಮ ಅದು. ಕೈ ನಡುಗುವವರು, ಕೈ ಸ್ವಾಧೀನವಿಲ್ಲದವರು ಎಂಜಿನ್ ಮೇಜಿನ ಹತ್ತಿರ ಬರುವಂತಿಲ್ಲ. ಬೇಲಿಯಾಚೆ ಕುರ್ಚಿ ಹಾಕಿಕೊಂಡು ನೋಡಬಹುದು. ಹಿಂದಿನ ವರ್ಷ ಒಬ್ಬ ನಿವೃತ್ತ ಮೇಷ್ಟ್ರಿಗೆ ಹಾಗಾಯಿತು. ಪಾಪ, ಎರಡು ಭಾನುವಾರ ಬಂದು ಕುರ್ಚಿಯಲ್ಲಿ ಕೂತರು, ಎಲ್ಲರ ವಿಮಾನಕ್ಕೂ ಚಪ್ಪಾಳೆ ತಟ್ಟಿದರು. ಮೂರನೆಯ ಭಾನುವಾರದಿಂದ ಕುರ್ಚಿ ಮಾತ್ರ ಉಳಿಯಿತು. ಅದನ್ನು ಯಾರೂ ತೆಗೆಯಲಿಲ್ಲ, ಯಾರೂ ಅದರಲ್ಲಿ ಕೂರಲಿಲ್ಲ.

ಆ ನಿಯಮ ಕಾಯುವ ಕ್ಲಬ್ಬಿನ ಕಾರ್ಯದರ್ಶಿ ಯಾರು? ಇದೇ ಅಂಗಡಿಯವನು!

"ಅವರ ಕೈ ಬಗ್ಗೆ ನಾನು ಕೇಳಿದ್ದೇ ತಪ್ಪು ಬಿಡಿ," ಎಂದ ಅಂಗಡಿಯವನು. "ನಮ್ಮ ಮೈದಾನದಲ್ಲಿ ಕೈ ಆಡಿಸೋರೇ ಅವರು."

ಆ ಕೈ ಆಡಿಸುವ ಸಂಗತಿಯೇ ಈ ಕಥೆಯ ಗಂಟು. ಸ್ಪಿರಿಟ್ಟಿನ ಬೆಂಕಿಗೆ ಒಂದು ಕೆಟ್ಟ ಗುಣ ಇದೆ. ಬಿಸಿಲಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಹೊಗೆಯಿಲ್ಲ, ಕೆಂಪಿಲ್ಲ, ಏನೂ ಇಲ್ಲ. ಬಹಳ ವರ್ಷದ ಹಿಂದೆ ಮೈದಾನದಲ್ಲಿ ಒಬ್ಬ ಇದ್ದಕ್ಕಿದ್ದಂತೆ ಅಂಗಿ ಕಿತ್ತುಕೊಂಡು ಕುಣಿಯತೊಡಗಿದನಂತೆ. ಅಂಗಿಯೊಳಗೆ ಜೇನುಹುಳ ಹೊಕ್ಕಿದೆ ಅಂದುಕೊಂಡು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಓಡಿದವನು ಅಪ್ಪ ಒಬ್ಬನೇ. ಆ ಮನುಷ್ಯನ ಎದೆಯ ಹತ್ತಿರ ಕೈ ಒಯ್ದು, "ಬೆಂಕಿ ಕಣ್ರೋ!" ಎಂದು ಕೂಗಿದ. ಆ ಮನುಷ್ಯ ಬದುಕಿಕೊಂಡ. ಆದರೆ ನಕ್ಕವರಿಗೆ ಬಹಳ ದಿನ ಅನ್ನ ಸೇರಲಿಲ್ಲ. ಅಂದಿನಿಂದ ಒಂದು ಪದ್ಧತಿ ಬಂತು. ಒಬ್ಬನ ಎಂಜಿನ್ ಕೆಲಸ ಮುಗಿದು ಇನ್ನೊಬ್ಬ ತನ್ನ ಇಂಧನದ ಕ್ಯಾನ್ ತೆರೆಯುವ ಮೊದಲು, ಮೇಜಿನ ಮೇಲೆ ಗೇಣೆತ್ತರದಲ್ಲಿ ಅಪ್ಪ ಮುಂಗೈ ಆಡಿಸಿ, ಮೂರು ಎಣಿಸಿ, "ತಣ್ಣಗಿದೆ" ಅನ್ನಬೇಕು. ಅವನು ತಣ್ಣಗಿದೆ ಅಂದರೆ ಮುಗಿಯಿತು. ಅದಕ್ಕೆ ಮೇಲ್ಮನವಿ ಇಲ್ಲ.

ಮಗಳಿಗೆ ಈ ಪದ್ಧತಿ ಗೊತ್ತಿರಲಿಲ್ಲವೆಂದಲ್ಲ. ಆದರೆ ಅವಳ ತಲೆಯಲ್ಲಿ ತುಂಬಿದ್ದು ಪ್ರೊಪೆಲ್ಲರ್ ಒಂದೇ. ರಾತ್ರಿ ಕಣ್ಣು ಮುಚ್ಚಿದರೆ ಬೆರಳು ಹಾರಿ ಬೀಳುವುದೇ ಕಾಣುತ್ತಿತ್ತು. ಕತ್ತರಿ ಹಿಡಿದು ಬದುಕುವವಳಲ್ಲವೇ, ಕತ್ತರಿಸುವುದಕ್ಕೆ ಹೆದರಿದಳು.

ಅಂಗಡಿಯವನು ಒಂದೊಂದೇ ಸಾಮಾನು ತೆಗೆದು ಗಾಜಿನ ಮೇಲೆ ಇಟ್ಟ. ಮೊದಲು ರಬ್ಬರ್ ಸುತ್ತಿದ ಒಂದು ಕೋಲು.

"ಇದು ಬಡವರ ಸ್ಟಾರ್ಟರ್ರು. ಬೆರಳಿನ ಬದಲು ಕೋಲಿಂದ ಹೊಡೆಯೋದು. ನಿಮ್ಮಪ್ಪ ಇದನ್ನ ಕೈಯಲ್ಲೂ ಮುಟ್ಟಲ್ಲ."

"ಬೇಡ." ಕೋಲು ಹಿಡಿಯಲೂ ಹಿಡಿತ ಬೇಕು. ಜಾರಿದರೆ ಕೋಲಿನ ಹಿಂದೆ ಕೈಯೂ ಹೋಗುತ್ತದೆ.

"ಹಾಗಿದ್ರೆ ಇದು." ಭಾರವಾದ, ಮೂತಿಗೆ ರಬ್ಬರ್ ಬಟ್ಟಲು ಕೂರಿಸಿದ ಮೋಟರು. "ಪ್ರೊಪೆಲ್ಲರಿನ ಮೂಗಿಗೆ ಇದನ್ನ ಒತ್ತೋದು, ಗುಂಡಿ ಅದುಮೋದು. ಗಿರ್ರ್ ಅಂತ ತಾನೇ ತಿರುಗಿಸತ್ತೆ. ಕಾರಿನಂಥ ಬ್ಯಾಟರಿ ಬೇಕು, ಸಣ್ಣದು. ಈ ಎರಡು ಕ್ಲಿಪ್ಪು ಬ್ಯಾಟರಿಗೆ ಕಚ್ಚಿಸಿದ್ರಾಯ್ತು. ಕಚ್ಚಿಸುವಾಗ, ತೆಗೆಯುವಾಗ ಒಂಚೂರು ಕಿಡಿ ಬರತ್ತೆ, ಹೆದರ್ಕೋಬಾರ್ದು."

ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದಳು. ಗುಂಡಿ ಹೆಬ್ಬೆರಳಿನಷ್ಟು ದೊಡ್ಡದು, ಕಣ್ಣಿಗೆ ರಾಚುವ ಹಸಿರು. ಕಂಡು ಅದುಮಬಹುದು, ಮುಟ್ಟಿ ತಿಳಿಯಬೇಕಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಇದು ಇರ್ಲಿ. ಪ್ಲಗ್ ಕಾಯಿಸೋಕೆ?"

"ಇಗೋ, ಪೆನ್ನಿನ ಥರದ್ದು. ಪ್ಲಗ್ಗಿಗೆ ಸಿಕ್ಕಿಸಿ ತಿರುಗಿಸಿದ್ರೆ ಹಿಡ್ಕೊಳ್ಳತ್ತೆ. ಮೇಲೆ ಮುಳ್ಳಿದೆ ನೋಡಿ, ಹಸಿರಿಗೆ ಬಂದ್ರೆ ಕಾದಿದೆ ಅಂತ."

ಮುಳ್ಳು ನೋಡಿ ಓದುವುದು ಅಪ್ಪನಿಗೆ ಹೇಳಿಕೊಡಬೇಕೇ! ಅದನ್ನೂ ಪಕ್ಕಕ್ಕೆ ಇಟ್ಟಳು. ಎಲ್ಲ ಸರಾಗವಾಗಿ ಹೋಗುತ್ತಿತ್ತು. ಅಪ್ಪನ ಜನ್ಮದಿನಕ್ಕೆ ಉಡುಗೊರೆ ಎಂದು ಅವಳು ಕಟ್ಟಿದ್ದ ಕಥೆಯನ್ನು ಅವಳೇ ನಂಬುವಷ್ಟು ಸರಾಗವಾಗಿ.

ಕೊನೆಯದು ಇಂಧನ ತುಂಬುವ ಪಂಪು. ಅಂಗಡಿಯವನು ಎರಡು ತೆಗೆದಿಟ್ಟ. ಎರಡೂ ಬ್ಯಾಟರಿಯ ಪಂಪುಗಳೇ. ವ್ಯತ್ಯಾಸ ಇದ್ದದ್ದು ಕೊಳವೆಯ ಬಾಯಲ್ಲಿ.

"ಇದು ತಾನಾಗಿ ಮುಚ್ಕೊಳ್ಳೋ ಬಾಯಿ. ವಿಮಾನದಿಂದ ಕಿತ್ತ ಕೂಡ್ಲೆ ಟಕ್ ಅಂತ ಮುಚ್ಚತ್ತೆ, ಒಂದು ತೊಟ್ಟೂ ಬೀಳಲ್ಲ. ಕೈ ಸರಿ ಇಲ್ದೋರಿಗೆ, ಹೊಸಬರಿಗೆ ಇದನ್ನೇ ಕೊಡ್ತೀನಿ. ಈ ಇನ್ನೊಂದಕ್ಕೆ ಕ್ಲಾಂಪು. ಬೆರಳಲ್ಲಿ ಚಿವುಟಬೇಕು. ಪೂರ್ತಿ ಕೂತಾಗ ಬೆರಳಿಗೆ ಸಣ್ಣಗೆ ಟಿಕ್ ಅಂತ ತಿಳಿಯತ್ತೆ, ಕಿವಿಗೆ ಕೇಳಲ್ಲ. ಹಳಬರಿಗೆಲ್ಲ ಇದೇ ಇಷ್ಟ. ನಿಮ್ಮಪ್ಪನಿಗೆ ಆ ಮೊದಲನೇದು ಕೊಟ್ರೆ ನನ್ನ ತಲೆ ಮೇಲೇ ಹೊಡೀತಾರೆ."

ಅವಳ ಕೈ ಮೊದಲನೆಯದರ ಕಡೆಗೆ ಹೋಗಿಯೇ ಬಿಟ್ಟಿತ್ತು. ಅರ್ಧಕ್ಕೆ ನಿಂತಿತು.

ತೆಗೆದುಕೊಂಡರೆ ಅವನು ಯಾಕೆ ಅಂತಾನೆ. ಏನಾದರೊಂದು ನೆಪ ಹೇಳಬಹುದಿತ್ತು. ಬಣ್ಣ ಚೆನ್ನಾಗಿದೆ ಅನ್ನಬಹುದಿತ್ತು, ನನಗೇ ಬೇಕು ಅನ್ನಬಹುದಿತ್ತು, ಏನು ಬೇಕಾದರೂ ಅನ್ನಬಹುದಿತ್ತು. ಆದರೆ ಒಂದು ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಎರಡನೆಯದು ನಾಲಿಗೆಗೆ ಬರುವುದಿಲ್ಲ. ಅಂಗಡಿಯವನು ಅವಳ ಮುಖವನ್ನೇ ನೋಡುತ್ತಿದ್ದಾನೆ ಅನ್ನಿಸಿತು. ನಿಜಕ್ಕೂ ಅವನು ಕನ್ನಡಕ ಒರೆಸಿಕೊಳ್ಳುತ್ತಿದ್ದ.

"ಕ್ಲಾಂಪಿಂದೇ ಕೊಡಿ," ಅಂದಳು.

"ಜಾಣೆ. ಪೆಟ್ಟಿಗೆ ಮಾತ್ರ ಎರಡು ತಗೊಳ್ಳಿ. ಒಂದ್ರಲ್ಲಿ ಬ್ಯಾಟರಿ, ಇನ್ನೊಂದ್ರಲ್ಲಿ ಇಂಧನ. ಒಟ್ಟಿಗೆ ಇಡೋರೂ ಇದ್ದಾರೆ, ಒಂದೇ ಪೆಟ್ಟಿಗೇಲಿ. ನಂಗೆ ಮನಸ್ಸು ಒಪ್ಪಲ್ಲ."

ಎರಡು ಪೆಟ್ಟಿಗೆ ಎಂದರೆ ಎರಡು ಕೈಗೂ ಭಾರ. ಜೋಮು ಹಿಡಿದ ಪಾದ, ಏರುತಗ್ಗಿನ ಮೈದಾನ, ಎರಡು ಕೈಗೂ ಭಾರ. ಅಪ್ಪ ಮುಗ್ಗರಿಸಿ ಬೀಳುವುದು ಅವಳ ಕಣ್ಣಿಗೆ ಕಟ್ಟಿತು.

"ಒಂದೇ ಸಾಕು ಅಣ್ಣ. ಅವರು ಹುಷಾರಿನ ಮನುಷ್ಯ."

ಮನೆಯಲ್ಲಿ ಅತ್ತೆ, ಅಂದರೆ ಅಪ್ಪನ ತಂಗಿ, ಪೆಟ್ಟಿಗೆ ನೋಡಿ ಮೂಗು ಮುರಿದಳು. "ಏನೇ ಇದು, ಗೊಂಬೆ ವಿಮಾನಕ್ಕೆ ಆಪರೇಷನ್ ಥಿಯೇಟರ್ರು!" ಅಪ್ಪ ಮೊದಲು ಮುಖ ಊದಿಸಿಕೊಂಡ. ಸ್ಟಾರ್ಟರ್ ಎಂಬ ಸಾಮಾನು ತನ್ನ ಮನೆಯ ಹೊಸಿಲು ದಾಟಿದ್ದೇ ಅವನಿಗೆ ಅವಮಾನ. ಮಗಳ ಮುಖ ನೋಡಿದ. ಅವಳೂ ನೋಡಿದಳು. ಆಮೇಲೆ ಅವನು ಪೆಟ್ಟಿಗೆಯ ಮುಂದೆ ಕೂತು, ಹಸಿರು ಗುಂಡಿ ಅದುಮಿ, ಮೋಟರು ಗಿರ್ರೆಂದಾಗ ಮಕ್ಕಳ ಹಾಗೆ ನಕ್ಕುಬಿಟ್ಟ.

"ಎಷ್ಟು ಚೆನ್ನಾಗಿ ಆರಿಸಿದ್ದೀಯ ಕಣಮ್ಮ," ಎಂದ. ಆ ಮಾತು ಕೇಳಿ ಅವಳಿಗೆ ಸಂತೋಷವಾಯಿತು.

ಕ್ಲಾಂಪಿನದೇ ಅವಳಿಗೆ ಚಿಂತೆ. ಶನಿವಾರ ಮಧ್ಯಾಹ್ನ ಕೂತು ಅದರ ಎರಡು ದವಡೆಗೂ ಕೆಂಪು ಪಟ್ಟಿ ಸುತ್ತಿ ಹೊಲಿದಳು. ಮುಚ್ಚಿದರೆ ಎರಡು ಪಟ್ಟಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ತೆರೆದಿದ್ದರೆ ನಡುವೆ ಸಂದು ಕಾಣುತ್ತದೆ. ಬೆರಳಿಗೆ ತಿಳಿಯದ್ದು ಕಣ್ಣಿಗೆ ತಿಳಿಯಲಿ ಎಂದು. ಅಂಥ ಹೊಲಿಗೆ ಅವಳು ಮದುವೆಯ ಬಟ್ಟೆಗೂ ಹಾಕಿರಲಿಲ್ಲ.

ಭಾನುವಾರ ಮೈದಾನಕ್ಕೆ ಹೋಗುವ ಹೊತ್ತಿಗೆ ಕ್ಲಾಂಪಿನ ಮೇಲೆ ಆ ಪಟ್ಟಿ ಇರಲಿಲ್ಲ.

"ಕತ್ತರಿಸಿದೆ," ಎಂದ ಅಪ್ಪ, ಬೂಟಿನ ಲೇಸು ಕಟ್ಟಿಕೊಳ್ಳುತ್ತ. "ನನ್ನ ಪೆಟ್ಟಿಗೆಗೆ ರಿಬ್ಬನ್ ಕಟ್ತೀಯಾ? ನೋಡಿದೋರು ಏನಂತಾರೆ? ನಂಗೆ ಗೊತ್ತಾಗತ್ತೆ ಬಿಡು."

"ಏನು ಗೊತ್ತಾಗತ್ತೆ ಅಪ್ಪ ನಿಂಗೆ?"

ಅಷ್ಟು ಒರಟಾಗಿ ಅನ್ನಬಾರದಿತ್ತು. ಅಪ್ಪ ಲೇಸನ್ನು ಎರಡು ಸಲ ಕಟ್ಟಿ ಎರಡು ಸಲವೂ ಬಿಚ್ಚಿಕೊಂಡ. ಅವಳು ಕೂತು ಕಟ್ಟಿದಳು. ದಾರಿಯುದ್ದಕ್ಕೂ ಇಬ್ಬರೂ ಬಸ್ಸಿನ ಕಿಟಕಿಯಾಚೆ ನೋಡಿದರು.

ಮೈದಾನದಲ್ಲಿ ಬಿಸಿಲು ಸುರಿಯುತ್ತಿತ್ತು. ಗಾಳಿ ಸತ್ತಿತ್ತು. ನಡುವೆ ಎಂಜಿನ್ ಮೇಜು, ಅದರ ಕಾಲಿನ ಬುಡದಲ್ಲಿ ನೀರಿನ ಬಕೆಟ್ಟು, ಇಪ್ಪತ್ತು ಹೆಜ್ಜೆಯಾಚೆ ತಂತಿ ಬೇಲಿ. ಬೇಲಿಯಾಚೆ ಮೇಷ್ಟ್ರ ಖಾಲಿ ಕುರ್ಚಿ. ಮಗಳು ಸದಸ್ಯಳಲ್ಲ, ಆದ್ದರಿಂದ ಅವಳೂ ಬೇಲಿಯಾಚೆಯೇ ನಿಲ್ಲಬೇಕು. ಕುರ್ಚಿಯ ಪಕ್ಕ ನಿಂತಳು. ಕೂರಲು ಮನಸ್ಸಾಗಲಿಲ್ಲ.

ಸ್ಟಾರ್ಟರ್ ನೋಡಿದ್ದೇ ತಡ, ಕ್ಲಬ್ಬಿನ ಸದಸ್ಯನಾದ ಒಬ್ಬ ಬಸ್ ಡ್ರೈವರ್ ಹೋ ಎಂದು ಕೂಗಿದ. ಅಪ್ಪನ ಹಳೆಯ ಗೆಳೆಯ ಅವನು, ದೊಡ್ಡ ಹೊಟ್ಟೆ, ದೊಡ್ಡ ಗಂಟಲು. "ಎಲ್ರೂ ಬನ್ರೋ! ಮುಳ್ಳಣ್ಣ ಬೆರಳು ಮನೇಲಿ ಬಿಟ್ಟು ಬಂದವ್ರೆ!"

"ಮಗಳು ಕೊಡಿಸಿದ್ದು," ಎಂದ ಅಪ್ಪ ಗತ್ತಿನಿಂದ. "ಬೇಡ ಅನ್ನೋಕಾಗತ್ತಾ?"

ಅಂಗಡಿಯವನು ಬೇಲಿಯ ಕಡೆ ತಿರುಗಿ ಮಗಳಿಗೆ ತಲೆಯಾಡಿಸಿದ. ಅವಳು ತಂತಿಯನ್ನು ಹಿಡಿದುಕೊಂಡಳು. ತಂತಿ ಕಾದಿತ್ತು.

ಅಪ್ಪ ಪೆಟ್ಟಿಗೆಯನ್ನೂ ವಿಮಾನವನ್ನೂ ಮೇಜಿನ ಮೇಲಿಟ್ಟು ಕೊಳವೆ ಸಿಕ್ಕಿಸಿದ. ಪಂಪು ಗುಂಯ್‌ಗುಟ್ಟಿತು, ವಿಮಾನದ ತೊಟ್ಟಿ ತುಂಬಿತು. ಕೊಳವೆ ಕಿತ್ತು ಕ್ಲಾಂಪನ್ನು ಚಿವುಟಿದ. ಚಿವುಟಿ ಒಂದು ಕ್ಷಣ ನಿಂತ, ಟಿಕ್ ಎನ್ನುವುದಕ್ಕೆ ಕಾದವನ ಹಾಗೆ. ಆಮೇಲೆ ಕೊಳವೆಯನ್ನು ಪೆಟ್ಟಿಗೆಯೊಳಗೆ, ಬ್ಯಾಟರಿಯ ಪಕ್ಕದ ತಟ್ಟೆಯಲ್ಲಿ ಸುರುಳಿ ಸುತ್ತಿ ಇಟ್ಟ. ಪೆನ್ನಿನಂಥದ್ದನ್ನು ಪ್ಲಗ್ಗಿಗೆ ಸಿಕ್ಕಿಸಿದ. ಡ್ರೈವರ್ ವಿಮಾನದ ಬಾಲ ಹಿಡಿದ. ಕ್ಲಿಪ್ಪು ಬ್ಯಾಟರಿಗೆ ಕಚ್ಚಿತು. ಸ್ಟಾರ್ಟರಿನ ಬಟ್ಟಲು ಮೂಗಿಗೆ ಒತ್ತಿತು, ಗಿರ್ರ್ ಎಂದಿತು, ಎಂಜಿನ್ ಒಂದು ಸಲ ಕೆಮ್ಮಿ ಕಿವಿ ಕಿತ್ತು ಹೋಗುವಂತೆ ಕಿರುಚತೊಡಗಿತು.

ಮಗಳು ಅಪ್ಪನ ಬೆರಳುಗಳನ್ನು ಎಣಿಸಿದಳು. ಹತ್ತೂ ಇದ್ದವು. ಹುಚ್ಚಿಯ ಹಾಗೆ ಒಬ್ಬಳೇ ನಕ್ಕಳು. ಗೆದ್ದೆ ಅನ್ನಿಸಿತು ಅವಳಿಗೆ.

ಮೊದಲ ದಿನ ಬರೀ ಪರೀಕ್ಷೆ ಸಾಕೆಂದು ಅಪ್ಪ ಎಂಜಿನ್ ನಿಲ್ಲಿಸಿದ. ಡ್ರೈವರ್ ಆ ವಿಮಾನವನ್ನು ಎತ್ತಿ ಹುಲ್ಲಿನ ಮೇಲಿಟ್ಟು, "ನಂದಕ್ಕೂ ಒಂದ್ಸಲ ನಿಮ್ಮ ಮಿಷಿನ್ ಹಚ್ಚಿ ಅಣ್ಣ" ಎಂದು ತನ್ನದನ್ನು ತರಲು ಹೋದ. ಅಪ್ಪ ಸ್ಟಾರ್ಟರಿನ ಕ್ಲಿಪ್ಪು ಕಿತ್ತ. ಚಿಟ್ ಎಂದು ಸಣ್ಣ ಕಿಡಿ. ಸಣ್ಣದಾದರೂ ಬೇಲಿಯ ಹತ್ತಿರ ನಿಂತವಳಿಗೂ ಕಂಡಿತು. ಹೆದರಿಕೊಳ್ಳಬಾರದು ಎಂದು ಅಂಗಡಿಯವನು ಹೇಳಿದ್ದು ನೆನಪಾಗಿ ಅವಳು ಹೆದರಿಕೊಳ್ಳಲಿಲ್ಲ.

ಡ್ರೈವರ್ ಒಂದು ಕಂಕುಳಲ್ಲಿ ಕೆಂಪು ವಿಮಾನ, ಇನ್ನೊಂದು ಕೈಯಲ್ಲಿ ತುಂಬಿದ ಕ್ಯಾನ್ ಹಿಡಿದು ಬಂದ. ಮೇಜಿನಿಂದ ಎರಡು ಹೆಜ್ಜೆ ಆಚೆ, ಪದ್ಧತಿಯಂತೆ ನಿಂತ.

"ಮುಳ್ಳಣ್ಣ, ಕೈ ಆಡಿಸಿ."

ಅಪ್ಪ ತೋಳು ಮೇಲೆ ಸರಿಸಿ, ಪೆಟ್ಟಿಗೆಯ ಮೇಲೆ ಮುಂಗೈ ಚಾಚಿದ.

"ಒಂದು."

ಆಗ ಮಗಳಿಗೆ ಪೆಟ್ಟಿಗೆಯ ಹಿಂದೆ ದೂರದಲ್ಲಿ, ಗಾಳಿಯ ದಿಕ್ಕು ನೋಡಲು ನೆಟ್ಟ ಕಂಬ ಕಂಡಿತು. ಕಂಬದ ನಡು ಅಲುಗುತ್ತಿತ್ತು. ಮೇಲೆ ನೆಟ್ಟಗಿದೆ, ಕೆಳಗೆ ನೆಟ್ಟಗಿದೆ, ಪೆಟ್ಟಿಗೆಯ ಮೇಲೆ ಹಾಯುವಲ್ಲಿ ಮಾತ್ರ ನೀರಿನೊಳಗಿಂದ ಕಂಡಂತೆ ನಡುಗುತ್ತಿದೆ. ಅವಳು ಇದನ್ನು ದಿನಾ ನೋಡುತ್ತಾಳೆ. ಕಾದ ಇಸ್ತ್ರಿ ಪೆಟ್ಟಿಗೆಯ ಹಿಂದಿನ ಗೋಡೆ ಹೀಗೆಯೇ ನಡುಗುತ್ತದೆ.

"ಎರಡು."

ಬಾಯಿ ತೆರೆದಳು. ತೆರೆದ ಬಾಯಿ ತೆರೆದೇ ಉಳಿಯಿತು. ಪಕ್ಕದಲ್ಲಿ ಮೇಷ್ಟ್ರ ಕುರ್ಚಿ ಇತ್ತು. ಕೂಗಿದರೆ ಮುಂದಿನ ಭಾನುವಾರ ಅಪ್ಪ ಅದರಲ್ಲಿ. ಬಿಸಿಲ ಝಳವೂ ಇರಬಹುದಲ್ಲ, ಅಂದುಕೊಂಡಳು. ಬಿಸಿಲೇ ಇರಲಿ ದೇವರೇ, ಅಂದುಕೊಂಡಳು.

"ಮೂರು. ತಣ್ಣಗಿದೆ."

ಡ್ರೈವರ್ ಮುಂದೆ ಬಂದು ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ.

"ತಣ್ಣಗಿಲ್ಲ!" ಎಂದು ಅವಳು ಚೀರಿದಳು. "ತೆರೀಬೇಡಿ! ಬೆಂಕಿ! ಅಪ್ಪಂಗೆ ಕೈ ಗೊತ್ತಾಗಲ್ಲ, ಕೈ ಸತ್ತಿದೆ ಅಪ್ಪಂದು!"

ಡ್ರೈವರ್ ನಿಂತ. ಅಂಗಡಿಯವನು ತಿರುಗಿದ. ಮೈದಾನವಿಡೀ ಅಪ್ಪನ ಕಡೆ ನೋಡಿತು, ಅಪ್ಪ ಮಗಳ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮನೆ ಮಂದಿಯೇ ಸಂತೆಯಲ್ಲಿ ಪಂಚೆ ಎಳೆದಾಗ ಮನುಷ್ಯ ಹೇಗೆ ನೋಡುತ್ತಾನೋ ಹಾಗಿತ್ತು.

"ಹೊಲಿಯೋಳಿಗೆ ಇದೆಲ್ಲ ಏನು ಗೊತ್ತು," ಎಂದ ಎಲ್ಲರಿಗೂ ಕೇಳುವಂತೆ. "ನೋಡ್ರಪ್ಪ. ತಣ್ಣಗಿದೆ."

ಎಂದವನೇ ಕೈಯನ್ನು ಈ ಸಲ ಅಂಗೈ ಕೆಳಗಾಗಿ ಪೆಟ್ಟಿಗೆಯೊಳಕ್ಕೇ ಇಳಿಸಿದ. ಇಳಿಸಿ ಇಟ್ಟುಕೊಂಡ. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಅಲುಗುವುದು ಹೇಗೆ? ಅವನ ಮುಖ ಅಷ್ಟು ಶಾಂತವಾಗಿದ್ದದ್ದರಿಂದಲೇ ಯಾರೂ ಓಡಲಿಲ್ಲ. ಡ್ರೈವರ್ ಪೆಟ್ಟಿಗೆಯನ್ನೂ ಅಪ್ಪನನ್ನೂ ಬೇಲಿಯನ್ನೂ ನೋಡುತ್ತ ಕ್ಯಾನ್ ಹಿಡಿದೇ ನಿಂತಿದ್ದ. ಉರಿಯುವ ಕೈಯನ್ನು ಇಷ್ಟು ನೆಮ್ಮದಿಯಿಂದ ಇಟ್ಟುಕೊಂಡವರನ್ನು ಯಾರು ಕಂಡಿದ್ದಾರೆ?

ಮಗಳು ಬೇಲಿ ಹಾರಿದಳು. ಹಾರುವಾಗ ಲಂಗ ಪರ್ರೆಂದು ಹರಿಯಿತು. ಇಪ್ಪತ್ತು ಹೆಜ್ಜೆ ಓಡಿ, ಅಪ್ಪನ ರಟ್ಟೆ ಹಿಡಿದು ಎಳೆದು, ಬಕೆಟ್ಟಿನ ನೀರನ್ನು ಪೆಟ್ಟಿಗೆಯ ಮೇಲೆ ಸುರಿದಳು. ಬುಸ್ಸೆಂದು ಆವಿ ಎದ್ದಿತು. ಆಗ ಎಲ್ಲರಿಗೂ ಕಂಡಿತು. ತಟ್ಟೆ ಸೊಟ್ಟಗಾಗಿತ್ತು, ಕೊಳವೆ ಕರಗಿ ಹೋಗಿತ್ತು, ಕ್ಲಾಂಪಿನ ದವಡೆಗಳ ನಡುವೆ ಸಂದು ಹಾಗೇ ಇತ್ತು, ಒಳಗಿನ ಕ್ಯಾನಿನ ಪಕ್ಕೆ ಮೆತ್ತಗಾಗಿ ಒಳಕ್ಕೆ ಕುಸಿದಿತ್ತು. ಇನ್ನೊಂದು ಚೂರು ತಡವಾಗಿದ್ದರೆ ಡ್ರೈವರೂ ಇರುತ್ತಿರಲಿಲ್ಲ, ಅಪ್ಪನೂ ಇರುತ್ತಿರಲಿಲ್ಲ. ಡ್ರೈವರ್ ತನ್ನ ಕ್ಯಾನನ್ನು ಮೆಲ್ಲಗೆ ನೆಲಕ್ಕಿಟ್ಟು, ಹಿಂದೆ ಹಿಂದೆ ನಡೆದು, ಹುಲ್ಲಿನ ಮೇಲೆ ಕುಸಿದು ಕೂತ.

ಯಾರೂ ಅಪ್ಪನ ಕೈ ನೋಡಲಿಲ್ಲ. ನೋಡಿದವರು ಎರಡನೆಯ ಸಲ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬಹಳ ಹೊತ್ತು ಕೆಲಸ ಮಾಡಿದಳು. ಮುಗಿಸುವಾಗ ಮೊಣಕೈವರೆಗೂ ಬಿಳಿ ಬಟ್ಟೆ ಸುತ್ತಿಯಾಗಿತ್ತು. ಎರಡು ಬೆರಳು ಉಳಿಯುವುದು ಕಷ್ಟ, ಮಿಕ್ಕವನ್ನು ನೋಡೋಣ ಎಂದಳು. ಆಮೇಲೆ ಕಾಗದ ಎಳೆದುಕೊಂಡು ಕೇಳಿದಳು, "ಕೈ ಎಷ್ಟು ಹೊತ್ತು ಬೆಂಕೀಲಿತ್ತು? ಅಂದಾಜು ಹೇಳಿ."

"ಅಂದಾಜು ಯಾಕೆ," ಎಂದ ಅಪ್ಪ. "ಮೊದಲು ಮೂರು ಸೆಕೆಂಡು. ಆಮೇಲೆ ಎಂಟು."

ಡಾಕ್ಟರಮ್ಮ ತಲೆಯೆತ್ತಿದಳು. "ಉರಿಯೋ ಕೈ ಇಟ್ಕೊಂಡು ಎಣಿಸ್ತಾ ಇದ್ರಾ?"

"ಗಡಿಯಾರದೋನು ನಾನು. ಎಣಿಕೆ ತಾನಾಗೇ ಆಗತ್ತೆ." ಅವನು ಬಿಳಿಯ ಬಟ್ಟೆಯನ್ನು ನೋಡಿಕೊಂಡ. "ಎರಡಕ್ಕೇ ಮುಂಗೈ ಕೂದಲು ಮುದುರಿದ್ದು ಕಂಡೆ. ಗೊತ್ತಾಯ್ತು. ಆದ್ರೂ ಬಾಯಿಂದ ತಣ್ಣಗಿದೆ ಅಂತಲೇ ಬಂತು. ಮೂವತ್ತು ವರ್ಷದ ಬಾಯಿ. ಆಮೇಲಿನ ಎಂಟು ನನ್ನ ಹಠ. ಇಷ್ಟೂ ನಂದೇ, ಬರ್ಕೊಳ್ಳಿ. ಇವಳಿಗೂ ಇದಕ್ಕೂ ಸಂಬಂಧ ಇಲ್ಲ."

"ಇದೆ," ಎಂದಳು ಮಗಳು. "ನಂಗೆ ಒಂದಕ್ಕೇ ಕಂಡಿತ್ತು. ಒಂದು ಅಂದಾಗ್ಲೇ ಕಂಡಿತ್ತು ಡಾಕ್ಟ್ರೇ. ಮೂರು ಆಗೋ ತನಕ ನೋಡ್ತಾ ನಿಂತಿದ್ದೆ."

ಡಾಕ್ಟರಮ್ಮ ಅದನ್ನು ಬರೆದುಕೊಳ್ಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದಳು.

ಅಪ್ಪ ಇನ್ನೊಂದು ಕೈ ಚಾಚಿ ಮಂಚದಂಚಿನಲ್ಲಿದ್ದ ಮಗಳ ಕೈಯನ್ನು ಹುಡುಕಿ ಹಿಡಿದುಕೊಂಡ. ಹಿಡಿದ, ಇನ್ನೂ ಗಟ್ಟಿಯಾಗಿ ಹಿಡಿದ. ತಾನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೇನೆ ಎಂಬುದು ಆ ಕೈಗೂ ತಿಳಿಯುವಂತಿರಲಿಲ್ಲ. ಅವಳ ಬೆರಳುಗಳು ಒಂದಕ್ಕೊಂದು ಒತ್ತಿ ಮೂಳೆ ಚುಳುಚುಳು ಎಂದು ನೋಯತೊಡಗಿತು, ಕಣ್ಣಲ್ಲಿ ನೀರು ಬಂತು. ನೋಯ್ತಿದೆ ಅಪ್ಪ ಎಂದು ಅವಳು ಹೇಳಲಿಲ್ಲ.